ಒತ್ತಕ್ಷರಕ್ಕೊಂದು ಜಾಗ: ಕನ್ನಡ ಪತ್ರಿಕಾ ಪುಟವಿನ್ಯಾಸದ ಚರಿತ್ರೆ

ಬರೆದು ಸಿದ್ಧವಾದ ಸುದ್ದಿ, ಶೀರ್ಷಿಕೆ, ಚಿತ್ರ ಮತ್ತು ಜಾಹೀರಾತುಗಳನ್ನು ಗೊತ್ತಾದ ಅಳತೆಯ ಹಾಳೆಯೊಂದರ ಮೇಲೆ, ಓದುಗರ ಕಣ್ಣಿಗೆ ಯಾವುದು ಮೊದಲು ಬೀಳಬೇಕು, ಯಾವುದು ಅನಂತರ ಎಂಬ ನಿರ್ಧಾರಕ್ಕೆ ತಕ್ಕಂತೆ ಹೊಂದಿಸುವ ಕೆಲಸವನ್ನು ಪುಟವಿನ್ಯಾಸ ಎನ್ನಲಾಗುತ್ತದೆ. ಈ ಕಸುಬಿನ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಮೊದಲು ಸೀಸದ ಮೊಳೆ, ಆಮೇಲೆ ಫಿಲ್ಮು, ಅದಾದ ಮೇಲೆ ಕಂಪ್ಯೂಟರ್ ಎಂಬ ಕ್ರಮದಲ್ಲಿ ಹೇಳಿ ಮುಗಿಸಿದರೆ ಇಂಗ್ಲಿಷ್ ಪತ್ರಿಕೆಗಳ ಮಟ್ಟಿಗೆ ಅದು ಸಾಕಾಗಲೂಬಹುದು. ಕನ್ನಡಕ್ಕೆ ಅಷ್ಟು ಸಾಲದು. ಏಕೆಂದರೆ ಕಲ್ಲಚ್ಚೊಂದನ್ನು ಬಿಟ್ಟರೆ ಇಲ್ಲಿ ಬಳಕೆಗೆ ಬಂದ ಅಕ್ಷರ ಜೋಡಣೆಯ ಸಾಧನಗಳೆಲ್ಲ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು, ಮತ್ತು ಅವುಗಳಲ್ಲಿ ಕನ್ನಡದ ಅಕ್ಷರಕ್ಕೆ, ಅದರಲ್ಲೂ ಒತ್ತಕ್ಷರಕ್ಕೆ, ಜಾಗ ಹುಡುಕುವ ಹೊಣೆ ಪ್ರತಿ ಬಾರಿಯೂ ಕನ್ನಡದ ಕಸುಬುದಾರರ ಹೆಗಲಿಗೇ ಬಿತ್ತು. ಹಾಗಾಗಿ ಕನ್ನಡ ಪತ್ರಿಕೆಯ ಪುಟದ ಚರಿತ್ರೆಯು ಲಿಪಿಗೂ ಯಂತ್ರಕ್ಕೂ ನಡೆದ ದೀರ್ಘಕಾಲದ ಹೊಂದಾಣಿಕೆಯ ಚರಿತ್ರೆಯೇ ಆಗಿದೆ.

ಈ ಹೊಂದಾಣಿಕೆಯ ಕಷ್ಟವನ್ನು ತಿಳಿಯಲು ಲಿಪಿಯ ಕಟ್ಟಡವನ್ನು ಗಮನಿಸಬೇಕು. ಕನ್ನಡದಲ್ಲಿ 34 ವ್ಯಂಜನಗಳಿದ್ದು, ಪ್ರತಿಯೊಂದೂ ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಮುಂತಾದ ಸ್ವರಚಿಹ್ನೆಗಳೊಡನೆ ಕೂಡಿ ಗುಣಿತಾಕ್ಷರವಾಗುತ್ತದೆ. ಎರಡು ಅಥವಾ ಮೂರು ವ್ಯಂಜನಗಳು ಒಂದಾದಾಗ ಮೊದಲನೆಯದು ಸಾಲಿನ ಮೇಲೆ ನಿಂತು, ಉಳಿದವು ಒತ್ತಾಗಿ ಅದರ ಅಡಿಗೆ ಇಳಿಯುತ್ತವೆ. ಹೀಗೆ ಕನ್ನಡದ ಒಂದು ಸಾಲಿಗೆ ಮೂರು ಅಂತಸ್ತುಗಳಿವೆ: ಮೇಲೆ ತಲೆಕಟ್ಟು ಮತ್ತು ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು. ಕೆಳಗಿನ ಅಂತಸ್ತಿಗೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಜಾಗ ಬಿಟ್ಟರೆ ಅದೇ ಎತ್ತರದ ಅಂಕಣದಲ್ಲಿ ಹಿಡಿಸುವ ಸಾಲುಗಳ ಸಂಖ್ಯೆ ಇಳಿಯುತ್ತದೆ. ಪತ್ರಿಕೆಯಂಥ, ಜಾಗಕ್ಕೆ ಬೆಲೆಯುಳ್ಳ ಮಾಧ್ಯಮದಲ್ಲಿ ಈ ಇಕ್ಕಟ್ಟು ಪ್ರತಿದಿನವೂ ಎದುರಾಗುತ್ತಿತ್ತು.

ಕಲ್ಲಿನ ಮೇಲಿನ ಪುಟ

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ಕ್ಕೆ ಈ ಇಕ್ಕಟ್ಟು ಇರಲಿಲ್ಲ ಎಂಬುದು ಗಮನಾರ್ಹ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಹೊರಬಂದ ಈ ಪಾಕ್ಷಿಕ, ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದ ಅಚ್ಚುಕೂಟದಲ್ಲಿ ಕಲ್ಲಚ್ಚಿನ ವಿಧಾನದಿಂದ ಮುದ್ರಣಗೊಂಡಿತು. 18ನೇ ಶತಮಾನದ ಕೊನೆಯಲ್ಲಿ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು, ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲ ಎಂಬ ಸರಳ ಸಂಗತಿಯನ್ನು ಆಧರಿಸಿದೆ. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರಹ ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮೇಲೆ ಅಚ್ಚಿನ ಶಾಯಿ ಸವರಿದರೆ, ಅದು ಜಿಡ್ಡಿರುವ ಬರಹಕ್ಕೆ ಮಾತ್ರ ಹಿಡಿದು, ಒದ್ದೆಯಾದ ಖಾಲಿ ಜಾಗಕ್ಕೆ ಹಿಡಿಯುವುದಿಲ್ಲ. ಅನಂತರ ಕಾಗದವನ್ನು ಒತ್ತಿದರೆ ಬರಹ ಅದರ ಮೇಲೆ ಇಳಿಯುತ್ತದೆ.

ಈ ವಿಧಾನದಲ್ಲಿ ಪುಟವನ್ನು ರೂಪಿಸುತ್ತಿದ್ದವನು ಲಿಪಿಕಾರ. ತಾಳೆಗರಿ ಮತ್ತು ಕಡತಗಳ ಕಾಲದಿಂದ ಬಂದ ಕೈಬರಹದ ರೂಢಿಯಂತೆ ಆತ ಒತ್ತಕ್ಷರವನ್ನು ತನಗೆ ಬೇಕಾದಷ್ಟು ಕೆಳಗಿಳಿಸಬಹುದಿತ್ತು, ಸಾಲು ತುಂಬುತ್ತ ಬಂದರೆ ಅಕ್ಷರಗಳನ್ನು ಒತ್ತೊತ್ತಾಗಿ ಬರೆಯಬಹುದಿತ್ತು, ಶೀರ್ಷಿಕೆಯನ್ನು ಎಷ್ಟು ದಪ್ಪವಾಗಿ ಬೇಕಾದರೂ ಮೂಡಿಸಬಹುದಿತ್ತು. ಲಿಪಿಯ ದೃಷ್ಟಿಯಿಂದ ಇದು ಸಂಪೂರ್ಣ ಸ್ವಾತಂತ್ರ್ಯವಾದರೂ ಸುದ್ದಿಯ ದೃಷ್ಟಿಯಿಂದ ಇದಕ್ಕೊಂದು ದೊಡ್ಡ ಮಿತಿಯಿತ್ತು: ತಪ್ಪು ತಿದ್ದುವುದು, ಬರೆದ ಮೇಲೆ ಸುದ್ದಿಯ ಸ್ಥಳ ಬದಲಿಸುವುದು ಎರಡೂ ಕಷ್ಟ. ಬಿಡಿ ಅಚ್ಚುಮೊಳೆಗಳು ಆ ವೇಳೆಗಾಗಲೇ ಕನ್ನಡಕ್ಕೆ ಬಂದಿದ್ದವು. ಬಂಗಾಳದ ಶ್ರೀರಾಮಪುರದಲ್ಲಿ 1817ರಲ್ಲಿ ಮುದ್ರಣಗೊಂಡ ವಿಲಿಯಂ ಕೇರಿ ಅವರ ಕನ್ನಡ ವ್ಯಾಕರಣದಲ್ಲಿ ಅವು ಬಳಕೆಯಾಗಿದ್ದವು. ‘ಮಂಗಳೂರ ಸಮಾಚಾರ’ 1844ರಲ್ಲಿ ಬಳ್ಳಾರಿಗೆ ವರ್ಗವಾಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆಯಿತು. ಮುಂದಿನ ನೂರಕ್ಕೂ ಹೆಚ್ಚು ವರ್ಷ ಕನ್ನಡದ ಪತ್ರಿಕೆಗಳನ್ನು ಆಳಿದ್ದು ಲೋಹದ ಮೊಳೆಯೇ.

ಮೊಳೆಯ ಲೆಕ್ಕ

ಅಚ್ಚುಮೊಳೆಯೆಂದರೆ ಸೀಸ, ತವರ ಮತ್ತು ಆಂಟಿಮನಿಯ ಮಿಶ್ರಲೋಹದಲ್ಲಿ ಎರಕ ಹೊಯ್ದ ಪುಟ್ಟ ಕಂಬ. ಅದರ ತುದಿಯಲ್ಲಿ ಒಂದು ಅಕ್ಷರ ತಿರುವುಮುರುವಾಗಿ ಉಬ್ಬಿ ನಿಂತಿರುತ್ತದೆ. ಮೊಳೆ ಜೋಡಿಸುವ ಕಂಪೋಸಿಟರನ ಮುಂದೆ ‘ಕೇಸು’ ಎಂಬ ಖಾನೆಗಳುಳ್ಳ ಮರದ ಪೆಟ್ಟಿಗೆ ಇರುತ್ತಿತ್ತು. ಪದೇಪದೇ ಬೇಕಾಗುವ ಅಕ್ಷರಗಳು ಕೈಗೆ ಹತ್ತಿರದ ದೊಡ್ಡ ಖಾನೆಗಳಲ್ಲಿ, ಅಪರೂಪದವು ಅಂಚಿನ ಕಿರಿಯ ಖಾನೆಗಳಲ್ಲಿ ಇರುತ್ತಿದ್ದವು. ಇಂಗ್ಲಿಷ್ ಜೋಡಣೆಗೆ ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳ ಎರಡು ಕೇಸುಗಳು ಸಾಕಾಗುತ್ತಿದ್ದರೆ, ಕನ್ನಡದ ಗುಣಿತಾಕ್ಷರಗಳಿಗೂ ಒತ್ತುಗಳಿಗೂ ನೂರಾರು ಖಾನೆಗಳು ಬೇಕಾಗುತ್ತಿದ್ದವು. ಎಡಗೈಯಲ್ಲಿ ‘ಸ್ಟಿಕ್’ ಎಂಬ ಲೋಹದ ಅಳತೆಪಟ್ಟಿಯನ್ನು ಹಿಡಿದು, ಬಲಗೈಯಿಂದ ಮೊಳೆಗಳನ್ನು ಒಂದೊಂದಾಗಿ ಎತ್ತಿ ಅದರಲ್ಲಿ ನಿಲ್ಲಿಸುತ್ತಿದ್ದ ಕಂಪೋಸಿಟರ್ ಪ್ರತಿ ಅಕ್ಷರವನ್ನೂ ನೋಡಿ ಗುರುತಿಸಬೇಕಾಗಿರಲಿಲ್ಲ. ಯಾವ ಅಕ್ಷರ ಯಾವ ಖಾನೆಯಲ್ಲಿದೆಯೆಂಬುದು ಕೈಗೆ ತಿಳಿದಿರುತ್ತಿತ್ತು, ಮೊಳೆಯ ಒಡಲಿನ ಒಂದು ಮಗ್ಗುಲಲ್ಲಿದ್ದ ಕಚ್ಚು ಹೆಬ್ಬೆರಳಿಗೆ ತಾಗಿದೊಡನೆ ಮೊಳೆ ಸರಿಯಾದ ದಿಕ್ಕಿಗಿದೆಯೆಂದು ಗೊತ್ತಾಗುತ್ತಿತ್ತು.

‘ಸ್ವಾತಂತ್ರ್ಯ’ ಎಂಬ ಮಾತನ್ನು ಈ ವಿಧಾನದಲ್ಲಿ ಜೋಡಿಸುವುದನ್ನು ಕೊಂಚ ಹತ್ತಿರದಿಂದ ನೋಡಬಹುದು. ಉಚ್ಚಾರಣೆಗೆ ಮೂರೇ ಅಕ್ಷರಗಳ ಈ ಮಾತಿಗೆ ಕಂಪೋಸಿಟರ್ ಮೊದಲು ‘ಸಾ’ ಮೊಳೆಯನ್ನು ಎತ್ತಿ, ಅದರ ಬಲಮಗ್ಗುಲಿಗೆ ವಕಾರದ ಒತ್ತನ್ನು ಇಟ್ಟು, ಆಮೇಲೆ ‘ತ’ ಮತ್ತು ಸೊನ್ನೆಯನ್ನು ಸೇರಿಸಿ, ಕೊನೆಗೆ ಇನ್ನೊಂದು ‘ತ’ ಇಟ್ಟು ಅದರ ಪಕ್ಕಕ್ಕೆ ರಕಾರದ ಒತ್ತನ್ನೂ ಯಕಾರದ ಒತ್ತನ್ನೂ ನಿಲ್ಲಿಸುತ್ತಿದ್ದ. ಒಟ್ಟು ಏಳು ಮೊಳೆಗಳು. ಕೈಬರಹದಲ್ಲಿ ಅಕ್ಷರದ ಅಡಿಯಲ್ಲಿ ಒತ್ತಾಗಿ ಕೂರುತ್ತಿದ್ದುದು ಲೋಹದಲ್ಲಿ ಕೆಳಬಲಕ್ಕೆ ಸರಿದು ತನ್ನದೇ ಅಗಲವನ್ನು ಕೇಳತೊಡಗಿತು. ‘ಸೂರ್ಯ’ ಎಂಬ ಮಾತಿನಲ್ಲಿ ಇನ್ನೊಂದು ಬಗೆಯ ವ್ಯತ್ಯಾಸ ಕಾಣುತ್ತದೆ. ನಾಲಗೆ ರಕಾರವನ್ನು ಮೊದಲು ನುಡಿದು ಯಕಾರವನ್ನು ಆಮೇಲೆ ನುಡಿಯುತ್ತದೆ. ಕಂಪೋಸಿಟರನ ಕೈ ‘ಯ’ ಮೊಳೆಯನ್ನು ಮೊದಲು ಇಟ್ಟು, ಅರ್ಕಾವೊತ್ತೆಂದು ಕರೆಯಲಾಗುವ ರಕಾರದ ಚಿಹ್ನೆಯನ್ನು ಆಮೇಲೆ ಇಡುತ್ತಿತ್ತು. ಮೊಳೆಯ ಕಾಲದಲ್ಲಿ ಬರಹ ಜೋಡಣೆಯಾಗುತ್ತಿದ್ದುದು ಆಕಾರದ ಕ್ರಮದಲ್ಲಿ, ದನಿಯ ಕ್ರಮದಲ್ಲಲ್ಲ. ಈ ಭೇದ ಮುಂದೆ ಕಂಪ್ಯೂಟರಿನ ಕಾಲದಲ್ಲಿ ದೊಡ್ಡ ಪ್ರಶ್ನೆಯಾಗಿ ಮರಳಿ ಬರಲಿತ್ತು.

ಸಾಲು ತುಂಬಿದ ಮೇಲೆ ಪದಗಳ ನಡುವೆ ‘ಸ್ಪೇಸ್’ ಎಂಬ ಅಕ್ಷರವಿಲ್ಲದ ಗಿಡ್ಡ ಮೊಳೆಗಳನ್ನು ಸೇರಿಸಿ ಎರಡೂ ಅಂಚು ಸಮವಾಗಿಸುವುದು, ಸಾಲಿಗೂ ಸಾಲಿಗೂ ನಡುವೆ ‘ಲೆಡ್’ ಎಂಬ ತೆಳು ಸೀಸದ ಪಟ್ಟಿಯನ್ನಿಟ್ಟು ಒತ್ತಕ್ಷರಗಳಿಗೆ ಉಸಿರಾಡಲು ಜಾಗ ಮಾಡುವುದು ಮುಂದಿನ ಹಂತ. ಅಚ್ಚಾದ ಬಳಿಕ ಇವೆಲ್ಲವನ್ನೂ ಬಿಡಿಸಿ ಆಯಾ ಖಾನೆಗೆ ಮರಳಿ ಹಾಕಬೇಕಿತ್ತು. ಹಾಗೆ ಹಾಕುವಾಗ ಖಾನೆ ತಪ್ಪಿದ ಮೊಳೆ ಮರುದಿನದ ಪತ್ರಿಕೆಯಲ್ಲಿ ಅಚ್ಚಿನ ತಪ್ಪಾಗಿ ಕಾಣಿಸಿಕೊಳ್ಳುತ್ತಿತ್ತು.

ಈ ಶ್ರಮವನ್ನು ಇಂಗ್ಲಿಷ್ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ತಪ್ಪಿಸಿದ ಯಂತ್ರ ಲೈನೋಟೈಪ್. ಒಟ್ಮಾರ್ ಮರ್ಗೆಂಟಾಲರ್ ರೂಪಿಸಿದ, 1886ರಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಮೊದಲು ಬಳಕೆಗೆ ಬಂದ ಈ ಯಂತ್ರ, ಕೀಲಿ ಒತ್ತಿದಂತೆ ಅಕ್ಷರದ ಅಚ್ಚುಗಳನ್ನು ಸಾಲಾಗಿ ನಿಲ್ಲಿಸಿ, ಕರಗಿದ ಲೋಹವನ್ನು ಹೊಯ್ದು, ಇಡೀ ಸಾಲನ್ನು ಒಂದೇ ತುಂಡಾಗಿ ಎರಕ ಹೊಯ್ಯುತ್ತಿತ್ತು. ಅದರ ಕೀಲಿಮಣೆಯಲ್ಲಿದ್ದ ಕೀಲಿಗಳು 90. ರೋಮನ್ ಲಿಪಿಯ ದೊಡ್ಡ ಮತ್ತು ಚಿಕ್ಕ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೆ ಈ ಸಂಖ್ಯೆ ಸಾಕಾಗುತ್ತಿತ್ತು. ಕನ್ನಡದ ಅಕ್ಷರಗಳನ್ನು ತುಂಡರಿಸದೆ ಅಷ್ಟರೊಳಗೆ ಕೂರಿಸುವುದು ಅಸಾಧ್ಯವಾಗಿತ್ತು. ಹೀಗಾಗಿ ಇಂಗ್ಲಿಷ್ ಪತ್ರಿಕೆಗಳು ಯಂತ್ರಜೋಡಣೆಗೆ ಹೊರಳಿದ ಮೇಲೂ ಕನ್ನಡದಲ್ಲಿ ಕೈಜೋಡಣೆ ಬಹುಕಾಲ ಉಳಿಯಿತು.

ಸ್ಟೋನಿನ ಸುತ್ತ

ಜೋಡಿಸಿದ ಮೊಳೆಗಳು ‘ಗ್ಯಾಲಿ’ ಎಂಬ ಉದ್ದನೆಯ ತಟ್ಟೆಗೆ ಬಂದು, ಅಲ್ಲಿ ಕರಡಚ್ಚು ತೆಗೆದು, ಕರಡು ತಿದ್ದುವವರ ಕೈದಾಟಿದ ಮೇಲೆ ಪುಟ ಕಟ್ಟುವ ಕೆಲಸ ಶುರುವಾಗುತ್ತಿತ್ತು. ‘ಸ್ಟೋನ್’ ಎಂದು ಕರೆಯಲಾಗುತ್ತಿದ್ದ ಸಮತಟ್ಟಾದ ಮೇಜಿನ ಮೇಲೆ ‘ಚೇಸ್’ ಎಂಬ ಕಬ್ಬಿಣದ ಚೌಕಟ್ಟನ್ನಿಟ್ಟು, ಜಾಹೀರಾತು ವಿಭಾಗ ಮೊದಲೇ ಗುರುತು ಮಾಡಿಕೊಟ್ಟ ಜಾಗಗಳನ್ನು ಬಿಟ್ಟು, ಉಳಿದ ಅಂಕಣಗಳಿಗೆ ಫೋರ್‌ಮನ್ ಸುದ್ದಿಗಳನ್ನು ತುಂಬುತ್ತಿದ್ದ. ಪುಟದ ನಕ್ಷೆಯನ್ನು ‘ಡಮ್ಮಿ’ ಎಂಬ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿ ಕೊಡುತ್ತಿದ್ದವರು ಉಪಸಂಪಾದಕರು. ಅವರು ಮೇಜಿನ ಎದುರುಬದಿಯಲ್ಲಿ ನಿಂತು, ತಿರುವುಮುರುವಾದ ಲೋಹದ ಅಕ್ಷರಗಳನ್ನೇ ಓದುತ್ತ, ಹಿಡಿಸದ ಸುದ್ದಿಯಿಂದ ಎಷ್ಟು ಸಾಲು ತೆಗೆಯಬೇಕೆಂದು ಹೇಳುತ್ತಿದ್ದರು. ತೆಗೆಯುವುದೆಂದರೆ ಕೊನೆಯಿಂದಲೇ ತೆಗೆಯುವುದು, ಏಕೆಂದರೆ ನಡುವಿನ ಒಂದು ಮಾತನ್ನು ಕಿತ್ತರೆ ಮುಂದಿನ ಸಾಲುಗಳನ್ನೆಲ್ಲ ಮತ್ತೆ ಜೋಡಿಸಬೇಕಾಗುತ್ತಿತ್ತು. ಮುಖ್ಯ ಸಂಗತಿ ಮೊದಲು, ವಿವರ ಆಮೇಲೆ ಎಂಬ ಸುದ್ದಿಬರಹದ ನಿಯಮಕ್ಕೆ ಮೂಲ ಏನೇ ಇರಲಿ, ಅದು ದಿನನಿತ್ಯ ಗಟ್ಟಿಯಾಗುತ್ತ ಹೋದದ್ದು ಈ ಮೇಜಿನ ಸುತ್ತ.

ಶೀರ್ಷಿಕೆಗಳ ಭಾಷೆಯನ್ನು ರೂಪಿಸುವುದರಲ್ಲಿಯೂ ಅಂಕಣದ ಅಗಲಕ್ಕೆ ದೊಡ್ಡ ಪಾಲಿದೆ. ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಪದಗಳು ಉದ್ದವಾಗುತ್ತವೆ. ‘ಮುಖ್ಯಮಂತ್ರಿಗಳೊಂದಿಗೆ’ ಎಂಬ ಒಂದೇ ಪದಕ್ಕೆ ಕಿರಿದಾದ ಅಂಕಣವೊಂದರ ಇಡೀ ಅಗಲ ಸಾಲದೆ ಹೋಗಬಹುದು. ಪದವನ್ನು ಸಾಲಿನ ಕೊನೆಯಲ್ಲಿ ಮುರಿಯುವುದಾದರೂ ಅಕ್ಷರದ ಗಡಿಯಲ್ಲಿ ಮುರಿಯಬೇಕೇ ಹೊರತು ಒತ್ತನ್ನು ಅದರ ಮೂಲಾಕ್ಷರದಿಂದ ಬೇರ್ಪಡಿಸುವಂತಿಲ್ಲ. ಈ ಒತ್ತಡದಲ್ಲಿ ಕ್ರಿಯಾಪದವನ್ನು ಬಿಟ್ಟು ನಾಮಪದದಲ್ಲೇ ಮುಗಿಯುವ ‘ಮಳೆಗೆ ಬೆಳೆ ನಾಶ’ ಎಂಬಂಥ ಶೀರ್ಷಿಕೆಗಳೂ, ಎರಡು ಬಿಂದುಗಳ ಚಿಹ್ನೆಯಿಂದ ಕಾರಣ ಮತ್ತು ಪರಿಣಾಮಗಳನ್ನು ಜೋಡಿಸುವ ರೀತಿಯೂ, ಮುಂದೆ ‘ಸಿಎಂ’, ‘ಸುಪ್ರೀಂ’ ಎಂಬ ಮೊಟಕು ರೂಪಗಳೂ ಬಳಕೆಗೆ ಬಂದವು. ಇಂದು ಆಡುಮಾತಿನಲ್ಲೂ ಕೇಳಿಬರುವ ಈ ರೂಪಗಳು ಬೇರೂರುವುದರಲ್ಲಿ ಪುಟ ಕಟ್ಟುವವರ ಅಗತ್ಯದ ಪಾತ್ರ ಸಣ್ಣದಲ್ಲ. ಕೇಸಿನಲ್ಲಿದ್ದ ಮೊಳೆಗಳಿಗಿಂತ ದೊಡ್ಡ ಗಾತ್ರದ ಶೀರ್ಷಿಕೆ ಬೇಕಾದಾಗ ಕಲಾವಿದರಿಂದ ಬರೆಯಿಸಿ, ಸತುವಿನ ಹಲಗೆಯ ಮೇಲೆ ‘ಬ್ಲಾಕ್’ ಮಾಡಿಸಿಕೊಳ್ಳಲಾಗುತ್ತಿತ್ತು. ಛಾಯಾಚಿತ್ರಗಳನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಮೂಡಿಸುವ ಹಾಫ್‌ಟೋನ್ ಬ್ಲಾಕಿಗೂ ಸಮಯ ಮತ್ತು ಹಣ ಬೇಕಿದ್ದುದರಿಂದ ಆ ಕಾಲದ ಪುಟಗಳಲ್ಲಿ ಚಿತ್ರಗಳು ವಿರಳವಾಗಿದ್ದವು.

ಬೆಳಕು, ಅಂಟು, ಬ್ಲೇಡು

ಸ್ವಾತಂತ್ರ್ಯದ ಮರುವರ್ಷ, 1948ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ‘ಪ್ರಜಾವಾಣಿ’, 1967ರಲ್ಲಿ ‘ಕನ್ನಡಪ್ರಭ’, 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಆರಂಭವಾದವು. ಹುಬ್ಬಳ್ಳಿಯಲ್ಲಿ ‘ಸಂಯುಕ್ತ ಕರ್ನಾಟಕ’ ಅದಕ್ಕೆ ಮೊದಲೇ ನೆಲೆಯೂರಿತ್ತು. ಪತ್ರಿಕೆಗಳ ಪ್ರಸಾರ ಬೆಳೆದಂತೆ ಲೋಹದ ಪುಟದಿಂದ ನೇರವಾಗಿ ಮುದ್ರಿಸುವ ಪದ್ಧತಿ ಹಿಂದೆ ಸರಿದು, 1970ರ ದಶಕದಿಂದ ಈಚೆಗೆ ಆಫ್‌ಸೆಟ್ ಮುದ್ರಣ ಕ್ರಮೇಣ ಆ ಜಾಗಕ್ಕೆ ಬಂತು. ಮುದ್ರಣೋದ್ಯಮದ ಕೇಂದ್ರವಾಗಿಯೂ ಬೆಳೆದಿದ್ದ ಮಣಿಪಾಲದ ಪತ್ರಿಕೆ ಅಚ್ಚುಕಟ್ಟಾದ ಮುದ್ರಣ ಮತ್ತು ವಿನ್ಯಾಸಕ್ಕೆ ಹೆಸರಾಯಿತು.

ಆಫ್‌ಸೆಟ್‌ನಲ್ಲಿ ತೆಳುವಾದ ಲೋಹದ ಫಲಕದ ಮೇಲಿನ ಪುಟ ಮೊದಲು ರಬ್ಬರಿನ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಶಾಯಿ ಮತ್ತು ನೀರು ಒಂದನ್ನೊಂದು ದೂರವಿಡುವ ಗುಣವೇ ಇಲ್ಲಿಯೂ ಆಧಾರ. ಮೋಗ್ಲಿಂಗರ ಮಂಗಳೂರಿನ ಕಲ್ಲು ಹೀಗೆ ಒಂದು ಸುತ್ತು ಬಂದು ಮತ್ತೆ ಕನ್ನಡ ಪತ್ರಿಕೆಯ ಅಡಿಪಾಯವಾಯಿತು. ಪುಟ ಉಬ್ಬಿದ ಲೋಹವಾಗಿರಬೇಕಾದ ಅಗತ್ಯ ತಪ್ಪಿದ್ದರಿಂದ, ಛಾಯಾಚಿತ್ರ ತೆಗೆಯಬಹುದಾದ ಯಾವುದನ್ನಾದರೂ ಅಚ್ಚು ಮಾಡುವುದು ಸಾಧ್ಯವಾಯಿತು.

ಇದರ ಜೊತೆಗೆ ಬಂದದ್ದು ಫೋಟೊಟೈಪ್‌ಸೆಟ್ಟಿಂಗ್, ಅಂದರೆ ಅಕ್ಷರದ ಬಿಂಬವನ್ನು ಬೆಳಕಿನ ಮೂಲಕ ‘ಬ್ರೋಮೈಡ್’ ಎಂಬ ಛಾಯಾಕಾಗದದ ಮೇಲೆ ಮೂಡಿಸುವ ವಿಧಾನ. ಅಂಕಣದ ಅಗಲದ ಉದ್ದುದ್ದ ಪಟ್ಟಿಗಳಾಗಿ ಹೊರಬರುತ್ತಿದ್ದ ಬರಹವನ್ನು ಕತ್ತರಿಸಿ, ಹಿಂಬದಿಗೆ ಅಂಟು ಅಥವಾ ಮೇಣ ಸವರಿ, ತಿಳಿನೀಲಿ ಗೆರೆಗಳಿದ್ದ ದೊಡ್ಡ ಹಾಳೆಯ ಮೇಲೆ ಅಂಟಿಸುವ ಪೇಸ್ಟ್-ಅಪ್ ಕಲಾವಿದರ ಹೊಸ ವರ್ಗ ಹುಟ್ಟಿಕೊಂಡಿತು. ತಿಳಿನೀಲಿಯನ್ನು ಪುಟದ ಚಿತ್ರ ತೆಗೆಯುವ ಕ್ಯಾಮೆರಾ ಹಿಡಿಯುವುದಿಲ್ಲವಾದ್ದರಿಂದ ಆ ಗೆರೆಗಳು ಕೈಗೆ ದಾರಿ ತೋರಿಸಿ, ಅಚ್ಚಿನಲ್ಲಿ ಮರೆಯಾಗುತ್ತಿದ್ದವು. ಈ ಕೆಲಸದ ಸೂಕ್ಷ್ಮ ತಿದ್ದುಪಡಿಯಲ್ಲಿ ಕಾಣುತ್ತಿತ್ತು. ಪುಟ ಸಿದ್ಧವಾದ ಮೇಲೆ ಒಂದು ಒತ್ತು ತಪ್ಪಿರುವುದು ಕಂಡರೆ, ಬೇರೊಂದು ಬ್ರೋಮೈಡ್ ತುಣುಕಿನಿಂದ ಅದೇ ಗಾತ್ರದ ಒತ್ತನ್ನು ಹುಡುಕಿ, ಉಗುರಿನ ಅಂಚಿಗಿಂತ ಚಿಕ್ಕದಾದ ಆ ಚೂರನ್ನು ಬ್ಲೇಡಿನ ಮೊನೆಯಲ್ಲಿ ಎತ್ತಿ, ಮೂಲಾಕ್ಷರದ ಬುಡಕ್ಕೆ ವಾರೆಯಾಗದಂತೆ ಕೂರಿಸಬೇಕಿತ್ತು. ಅಂಟು ಸಾಲದೆ ಅದು ಉದುರಿಹೋದರೆ ಬೆಳಗಿನ ಪತ್ರಿಕೆಯಲ್ಲಿ ‘ಅಣ್ಣ’ ‘ಅಣ’ನಾಗುವ ಅಪಾಯವಿತ್ತು.

256 ಮನೆಗಳು

1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್, 1985ರಲ್ಲಿ ಅದರ ಲೇಸರ್ ಮುದ್ರಕ ಮತ್ತು ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ತಂತ್ರಾಂಶ ಒಟ್ಟುಗೂಡಿ, ಇಡೀ ಪುಟವನ್ನು ಮೇಜಿನ ಮೇಲಿನ ಪರದೆಯಲ್ಲೇ ಕಟ್ಟುವ ಡಿಟಿಪಿ ಪದ್ಧತಿಗೆ ನಾಂದಿ ಹಾಡಿದವು. ಬ್ಲೇಡು, ಮೇಣ, ನೀಲಿ ಗೆರೆಗಳ ಕೆಲಸವನ್ನೆಲ್ಲ ಈಗ ಮೌಸು ಮಾಡತೊಡಗಿತು. ಆದರೆ ಲೈನೋಟೈಪಿನ 90 ಕೀಲಿಗಳ ಕಷ್ಟ ಇಲ್ಲಿ ಹೊಸ ವೇಷದಲ್ಲಿ ಎದುರಾಯಿತು. ಆ ಕಾಲದ ಒಂದು ಫಾಂಟಿನಲ್ಲಿದ್ದುದು ಹೆಚ್ಚೆಂದರೆ 256 ಸ್ಥಾನಗಳು, ಅವುಗಳಲ್ಲಿಯೂ ಎಲ್ಲವೂ ಬಳಕೆಗೆ ಸಿಗುತ್ತಿರಲಿಲ್ಲ. ಕನ್ನಡದ ತಂತ್ರಾಂಶ ತಯಾರಕರು ಅಕ್ಷರಗಳನ್ನು ಒಡಲು, ಗುಡಿಸು, ಕೊಂಬು, ಒತ್ತು ಎಂದು ತುಂಡರಿಸಿ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಮನೆಗಳಲ್ಲಿ ಅವನ್ನು ವಾಸಕ್ಕಿಟ್ಟರು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ಕನ್ನಡದ ಮುದ್ರಣಾಲಯಗಳನ್ನೂ ಪತ್ರಿಕಾಲಯಗಳನ್ನೂ ಪ್ರವೇಶಿಸಿದ್ದು ಹೀಗೆ.

ಪರದೆಯ ಮೇಲೆ ಕನ್ನಡ ಕಾಣುತ್ತಿದ್ದರೂ ಯಂತ್ರದ ತಿಳಿವಳಿಕೆಯಲ್ಲಿ ಅದು ಇಂಗ್ಲಿಷ್ ಚಿಹ್ನೆಗಳ ಅರ್ಥವಿಲ್ಲದ ಸಾಲಾಗಿತ್ತು. ವಿರಾಮಚಿಹ್ನೆಯೊಂದರ ಮನೆಯಲ್ಲಿ ಕೂತ ಒತ್ತನ್ನು ತಂತ್ರಾಂಶ ಪದದ ಅಂತ್ಯವೆಂದು ಬಗೆದರೆ ಒತ್ತು ಮುಂದಿನ ಸಾಲಿಗೆ ಜಾರಬಹುದಿತ್ತು. ಒಂದು ಸಂಸ್ಥೆಯ ಫಾಂಟಿನಲ್ಲಿ ಬೆರಳಚ್ಚಾದ ಸುದ್ದಿಯನ್ನು ಇನ್ನೊಂದರ ಫಾಂಟಿನಲ್ಲಿ ತೆರೆದರೆ ಅಕ್ಷರಗಳು ಕಲಸುಮೇಲೋಗರವಾಗುತ್ತಿದ್ದವು. ಈ ಗೊಂದಲದ ನಡುವೆ ಕನ್ನಡಕ್ಕೆ ದೊರೆತ ದೊಡ್ಡ ಕೊಡುಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಆಕಾರದ ತುಂಡುಗಳನ್ನು ಹುಡುಕಿ ಜೋಡಿಸುವ ಬದಲು ಉಚ್ಚಾರಣೆಯ ಕ್ರಮದಲ್ಲೇ ಕೀಲಿ ಒತ್ತುತ್ತ ಹೋದರೆ ಅಕ್ಷರಗಳು ತಾವಾಗಿ ರೂಪುಗೊಳ್ಳುವ ಈ ವಿನ್ಯಾಸವನ್ನೇ ಆಧರಿಸಿ, ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ‘ನುಡಿ’ ತಂತ್ರಾಂಶವನ್ನು ರೂಪಿಸಿತು. ಕಂಪೋಸಿಟರನ ಕೈ ‘ಯ’ ಇಟ್ಟು ಆಮೇಲೆ ಅರ್ಕಾವೊತ್ತನ್ನು ಇಡುತ್ತಿದ್ದ ‘ಸೂರ್ಯ’ ಈಗ ನಾಲಗೆಯ ಕ್ರಮಕ್ಕೆ ಮರಳಿದ.

ಆ ಕ್ರಮ ಕಂಪ್ಯೂಟರಿನ ಸ್ಮರಣೆಯಲ್ಲೂ ನೆಲೆಗೊಂಡದ್ದು ಯೂನಿಕೋಡ್‌ನಿಂದ. ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಈ ಶಿಷ್ಟತೆ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ದೊರೆತಿತ್ತು. ಏಳು ಮೊಳೆಗಳ ‘ಸ್ವಾತಂತ್ರ್ಯ’ ಯೂನಿಕೋಡ್‌ನಲ್ಲಿ ದನಿಯ ಕ್ರಮದ 11 ಸಂಕೇತಗಳಾಗಿ ಉಳಿಯುತ್ತದೆ. ಒತ್ತನ್ನು ಎಲ್ಲಿ, ಎಷ್ಟು ಕೆಳಗೆ ಕೂರಿಸಬೇಕೆಂಬುದನ್ನು ಫಾಂಟಿನೊಳಗೆ ಬರೆದಿಟ್ಟ ನಿಯಮಗಳು ನೋಡಿಕೊಳ್ಳುತ್ತವೆ. ಪುಟವಿನ್ಯಾಸದ ತಂತ್ರಾಂಶಗಳು ಈ ನಿಯಮಗಳನ್ನು ಸರಿಯಾಗಿ ಪಾಲಿಸಲು ಮತ್ತೆ ಹಲವು ವರ್ಷಗಳೇ ಬೇಕಾದವು. ಅಂತೂ ಕಲ್ಲಚ್ಚಿನ ಲಿಪಿಕಾರನಿಗಿದ್ದ ಸ್ವಾತಂತ್ರ್ಯ ಸುಮಾರು ಒಂದೂವರೆ ಶತಮಾನದ ಮೇಲೆ ಫಾಂಟ್ ರಚಿಸುವವರ ಕೈಗೆ ಬಂದಿದೆ.

ಉಳಿದುದು, ಕಳೆದುದು

ಈ ಬದಲಾವಣೆಗಳಿಂದ ಕನ್ನಡದ ಪತ್ರಿಕೆಗಳು ಪಡೆದದ್ದು ಅಪಾರ. 1999ರಲ್ಲಿ ‘ವಿಜಯ ಕರ್ನಾಟಕ’ ಕಾಲಿಟ್ಟ ಮೇಲಿನ ತುರುಸಿನ ಪೈಪೋಟಿಯಲ್ಲಿ ಬಣ್ಣದ ಪುಟಗಳು, ಜಿಲ್ಲೆಗೊಂದು ಪುಟ, ಹಲವು ಊರುಗಳಿಂದ ಏಕಕಾಲದ ಆವೃತ್ತಿಗಳು ವಾಡಿಕೆಯಾದದ್ದು ಪುಟವನ್ನು ಕ್ಷಣದಲ್ಲಿ ಕಟ್ಟಿ ದೂರದ ಮುದ್ರಣಾಲಯಕ್ಕೆ ಕಳುಹಿಸುವ ಅನುಕೂಲವಿದ್ದುದರಿಂದ. ಸೀಸದ ಧೂಳಿನಲ್ಲಿ ನಿಂತು ಕಣ್ಣು ನೋಯಿಸಿಕೊಳ್ಳುತ್ತಿದ್ದ ದುಡಿಮೆ ಕೊನೆಗೊಂಡದ್ದನ್ನು ಯಾರೂ ಕೊರತೆಯೆಂದು ಎಣಿಸಬಾರದು.

ಆದರೆ ಕಳೆದುಹೋದದ್ದನ್ನೂ ನೇರವಾಗಿ ಹೇಳಬೇಕಾಗುತ್ತದೆ. ಮೊಳೆಯ ಕಾಲದಲ್ಲಿ ಒಂದು ಸುದ್ದಿ ವರದಿಗಾರ, ಉಪಸಂಪಾದಕ, ಕಂಪೋಸಿಟರ್, ಕರಡು ತಿದ್ದುವವರು, ಫೋರ್‌ಮನ್ ಎಂಬ ಐದು ಜನರ ಮೂಲಕ ಹಾದು ಓದುಗರನ್ನು ತಲುಪುತ್ತಿತ್ತು. ಕಂಪೋಸಿಟರ್ ಬರಿಯ ಕೈಗೆಲಸದವನಾಗಿರಲಿಲ್ಲ. ದಿನವಿಡೀ ಕನ್ನಡವನ್ನು ಅಕ್ಷರ ಅಕ್ಷರವಾಗಿ ಮುಟ್ಟುತ್ತಿದ್ದ ಆತನಿಗೆ ಅಲ್ಪಪ್ರಾಣ, ಮಹಾಪ್ರಾಣಗಳ ತಪ್ಪು ಖಾನೆಗೆ ಕೈ ಹೋದಾಗಲೇ ಹೊಳೆಯುತ್ತಿತ್ತು. ಈಗ ಸುದ್ದಿ ತಿದ್ದುವುದು, ಶೀರ್ಷಿಕೆ ಕೊಡುವುದು, ಪುಟ ಕಟ್ಟುವುದು, ಕರಡು ನೋಡುವುದು ಬಹುತೇಕ ಕಡೆ ಒಬ್ಬನೇ ಉಪಸಂಪಾದಕನ ಪಾಲಿಗೆ ಬಂದಿವೆ. ಐದು ಜೊತೆ ಕೈಗಳು ಮಾಡುತ್ತಿದ್ದುದನ್ನು ಯಂತ್ರ ಮಾಡುತ್ತದೆ, ಆದರೆ ಆ ಕೈಗಳ ಜೊತೆಗೆ ಇದ್ದ ಐದು ಜೊತೆ ಕಣ್ಣುಗಳಿಗೆ ಬದಲಿ ಬಂದಿಲ್ಲ. ಒತ್ತಕ್ಷರ ಇಂದು ತಾನಾಗಿಯೇ ತನ್ನ ಜಾಗದಲ್ಲಿ ಕೂರುತ್ತದೆ. ಅಲ್ಲಿ ಬರಬೇಕಾದ ಒತ್ತು ಅದೇ ಹೌದೇ ಎಂದು ಕೇಳುವವರ ಅಗತ್ಯ ಮಾತ್ರ ತಪ್ಪಿಲ್ಲ.

ಮೊಳೆ ಜೋಡಿಸಿ ಬಲ್ಲ ಕೊನೆಯ ತಲೆಮಾರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತು, ಖಾನೆಗಳ ಹಂಚಿಕೆ, ಕಸುಬಿನ ಶಬ್ದಗಳನ್ನು ದಾಖಲಿಸುವುದೂ, ಗುಜರಿಗೆ ಹೋಗದೆ ಉಳಿದ ಕನ್ನಡ ಮೊಳೆಗಳನ್ನು ಕಾಪಾಡುವುದೂ ಭಾಷೆಯ ಚರಿತ್ರೆಗೆ ಸಲ್ಲಬೇಕಾದ ಕೆಲಸ. ಆ ಚರಿತ್ರೆ ಪೂರ್ತಿ ಅಳಿಸಿಹೋಗಿಲ್ಲ. ಇಂದಿನ ಪುಟವಿನ್ಯಾಸದ ತಂತ್ರಾಂಶದಲ್ಲಿ ಎರಡು ಸಾಲುಗಳ ನಡುವಿನ ಅಂತರವನ್ನು ಸೂಚಿಸುವ ಆಯ್ಕೆಯ ಹೆಸರು ‘ಲೆಡಿಂಗ್’. ಕಂಪೋಸಿಟರ್ ಸಾಲುಗಳ ನಡುವೆ ತೂರಿಸುತ್ತಿದ್ದ ಸೀಸದ ಪಟ್ಟಿಯಿಂದ ಬಂದ ಹೆಸರು ಅದು. ಆ ಆಯ್ಕೆಯಲ್ಲಿ ಯಾವ ಅಂಕಿಯನ್ನು ತುಂಬಬೇಕೆಂಬುದನ್ನು ಕನ್ನಡದ ಪುಟದಲ್ಲಿ ಅಂದಿನಂತೆ ಇಂದೂ ತೀರ್ಮಾನಿಸುವುದು ಒತ್ತಕ್ಷರವೇ.